ಬೇಸಿಗೆಯಲ್ಲಿ ಉಳಿದ ಗುಳಿಗೆಗಳು

ನನ್ನ ಬೀಗತಿಯ ಬಲಗೈ ತುಂಬ ಹಸಿರು ಬಳೆ, ಎಡಗೈ ಬರಿದು. ಎದೆಯ ಆಪರೇಶನ್ ಆದ ಮೇಲೆ ಆ ಕೈ ಬಾತು ಒಂದು ಬಳೆಯೂ ಏರುತ್ತಿರಲಿಲ್ಲ. ಬಸ್ಸಿನಲ್ಲಿ ಅದನ್ನು ಮಲಗಿದ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು.

ನಮ್ಮಿಬ್ಬರಿಗೂ ಒಂದೇ ಕ್ಯಾನ್ಸರ್, ಬಳ್ಳಾರಿಯ ಒಂದೇ ಆಸ್ಪತ್ರೆ. ಅವರು ಸಿರುಗುಪ್ಪದಿಂದ ಬರುತ್ತಿದ್ದರು, ನಾನು ಕುರುಗೋಡಿನಿಂದ. ಆಸ್ಪತ್ರೆಯ ಬೆಂಚಿನ ಮೇಲೆಯೇ ತಮ್ಮ ಮಗನಿಗೆ ನನ್ನ ಮಗಳನ್ನು ಕೇಳಿದರು. "ಹುಡುಗೀನ ಕೊಡ್ರಿ. ರೋಗ ಇಬ್ರದೂ ಒಂದಾ ಐತಿ, ಯಾರೂ ಯಾರನ್ನೂ ಆಡ್ಕೊಳ್ಳಂಗಿಲ್ಲ" ಎಂದು ನಕ್ಕರು. ಪ್ರತಿ ಸಲ ಹೋದಾಗಲೂ ಆ ಬೆಂಚಿನಲ್ಲಿ ಒಬ್ಬರೋ ಇಬ್ಬರೋ ಕಡಿಮೆ ಇರುತ್ತಿದ್ದರು. ಎಲ್ಲಿ ಹೋದರೆಂದು ನಾವು ಕೇಳುತ್ತಿರಲಿಲ್ಲ.

ಆಪರೇಶನ್ ಆದ ಮೇಲೆ ದಿನಕ್ಕೊಂದು ಗುಳಿಗೆ, ವರ್ಷಗಟ್ಟಲೆ. ನುಂಗಿದರೆ ಮೈಯೆಲ್ಲ ಕೆಂಡ. ಮೊದಲೇ ಬಳ್ಳಾರಿ ಬಿಸಿಲು. ಶಿವರಾತ್ರಿ ಕಳೆದದ್ದೇ, ಮಳೆ ಬೀಳುವ ತನಕ ನಾನು ಅದನ್ನು ಬಿಟ್ಟುಬಿಡುತ್ತಿದ್ದೆ. ಡಾಕ್ಟರರ ಮುಂದೆ ಮಾತ್ರ ದಿನಾ ತೊಗೊಂಡೀನಿ ಎನ್ನುತ್ತಿದ್ದೆ.

ಮದ್ದು ಒಯ್ದವರು ಮನೆಯಲ್ಲಿ ನಿಜವಾಗಿ ಹೇಗಿದ್ದಾರೆ ಎಂದು ತಿಳಿಯಲು ಡಾಕ್ಟರರು ಒಂದು ಸಂಶೋಧನೆ ಶುರು ಮಾಡಿದರು. ಪ್ರಶ್ನೆ ಬರೆಯುವಾಗ ರೋಗಿಗಳೂ ಕೂತಿರಲಿ ಎಂದು ಬೀಗತಿಯನ್ನು ಕರೆದರು. ಜೊತೆಗೆ ಹೋದ ನಾನು ಗೋಡೆಯ ಬದಿ ಕೂತೆ. ಡಾಕ್ಟರಮ್ಮ ಕಾಗದ ಓದಿದರು: ಗುಳಿಗೆ ದಿನಾ ತೆಗೆದುಕೊಳ್ಳುತ್ತೀರಾ? ಹೌದು, ಇಲ್ಲ.

"ಹಂಗ ಕೇಳಿದ್ರ ಎಲ್ಲಾರೂ ಹೌದು ಅಂತಾರವ್ವ" ಎಂದರು ಬೀಗತಿ. "ಬ್ಯಾಸಿಗಿಯಾಗ ಉಳಿದ ಗುಳಿಗಿ ಎಲ್ಲಿಟ್ಟೀರಿ ಅಂತ ಕೇಳ್ರಿ."

"ಯಾಕೆ, ಬೇಸಿಗೆಯಲ್ಲಿ ಏನು?"

"ಕಾವು ತಡಿಲಾರ್ದ ನಾ ಎರಡು ಬ್ಯಾಸಿಗಿ ಬಿಟ್ಟೀನಿ. ಈಗ ರೋಗ ಬೆನ್ನೆಲುಬಿಗೆ ಬಂದು ಕುಂತೈತಿ. ಬಿಟ್ಟಿದ್ದಕ್ಕ ಬಂತೋ, ಸುಮ್ನ ಬಂತೋ, ನೀವಾ ಹುಡುಕ್ರಿ. ಆದ್ರ ನಾ ಬಿಟ್ಟಿದ್ದು ನಿಮ್ಮ ಕಾಗದದಾಗ ಇಲ್ಲ."

ಡಾಕ್ಟರಮ್ಮ ಆ ಪ್ರಶ್ನೆಯ ಮೇಲೆ ಗೀಟು ಎಳೆದರು. ಬೆನ್ನಿನ ಸುದ್ದಿ ನನಗೂ ಆಗಲೇ ಗೊತ್ತಾದದ್ದು.

ಅವತ್ತು ಸಿರುಗುಪ್ಪದ ಬಸ್ಸು ಹತ್ತದೆ ನನ್ನ ಜೊತೆ ಕುರುಗೋಡಿಗೆ ಬಂದರು. ಅಡುಗೆಮನೆಗೆ ಹೋಗಿ, ತಾವೂ ಅಲ್ಲೇ ಅಡಗಿಸಿಟ್ಟವರ ಹಾಗೆ ಹಿಟ್ಟಿನ ಡಬ್ಬಿಯ ಹಿಂದೆ ತಡಕಾಡಿ, ನನ್ನ ಗುಳಿಗೆ ಡಬ್ಬಿ ತೆಗೆದು, ಆ ಬಾತ ಕೈಯಲ್ಲೇ ಅಲ್ಲಾಡಿಸಿದರು. ಗಲಗಲ ಎಂದಿತು.

"ಎಷ್ಟು ಬ್ಯಾಸಿಗಿವು ಇವು, ಬೀಗ್ತಿ?"

"ಎರಡು."

"ನಾನಂತೂ ಹೋಗಾಕಿ. ಬರೋ ಮೊಮ್ಮಗೂಗೆ ಒಬ್ಬಾಕಿ ಅಜ್ಜಿಯಾದ್ರೂ ಬ್ಯಾಡೇನ್ರಿ? ನಾಳೆ ಹೋಗಿ ಡಾಕ್ಟರಿಗೆ ಖರೇ ಹೇಳ್ರಿ."

ನನ್ನ ಮಗಳು, ಅವರ ಸೊಸೆ, ಆಗ ಮೂರು ತಿಂಗಳ ಬಸುರಿ.

ಹೋಗಿ ಹೇಳಿದೆ. ಬೈಯಲಿಲ್ಲ. ಕಾವು ತಗ್ಗಲು ಏನು ಮಾಡಬೇಕೆಂದು ಹೇಳಿಕೊಟ್ಟರು, ಸ್ಕ್ಯಾನ್ ಮಾಡಿಸಿದರು, ಸದ್ಯಕ್ಕೆ ಏನೂ ಇಲ್ಲ ಎಂದರು. ಆ ‘ಸದ್ಯಕ್ಕೆ’ ನನ್ನ ಜೊತೆಯೇ ಮನೆಗೆ ಬಂತು. ಇನ್ನೂ ಹೋಗಿಲ್ಲ.

ಕೂಸು ಹುಟ್ಟುವುದಕ್ಕೆ ಒಂದು ತಿಂಗಳು ಇರುವಾಗ ಬೀಗತಿ ತೀರಿಕೊಂಡರು. ಉರಿಬಿಸಿಲಿನಲ್ಲಿ ಹೆಣ್ಣುಕೂಸು ಬಂತು. ದಾರಿಯಲ್ಲಿ ಹೋಗುವವರನ್ನೂ ಕರೆದು ತೋರಿಸೋಣ ಎನ್ನುವಷ್ಟು ಹಿಗ್ಗು ನನಗೆ. ಕರಿಬಳೆ ತೊಡಿಸುವಾಗ ಎಡಗೈಗೇ ಮೊದಲು ತೊಡಿಸಿದೆ.

ಮೊನ್ನೆ ಆಸ್ಪತ್ರೆಯಿಂದ ಒಬ್ಬ ಹುಡುಗಿ ಕಾಗದ ಹಿಡಿದು ಬಂದಳು. ನನಗೆ ಓದಲು ಸರಿಯಾಗಿ ಬಾರದು, ಅವಳೇ ಓದಿದಳು: "ಬೇಸಿಗೆಯಲ್ಲಿ ಉಳಿದ ಗುಳಿಗೆ ಎಲ್ಲಿಟ್ಟಿದ್ದೀರಿ?"

ಕೂಸನ್ನು ಸರಿಯಾಗಿ ತೊಡೆಗೆ ಹಾಕಿಕೊಂಡೆ.

"ಈ ಬ್ಯಾಸಿಗಿ ಒಂದೂ ಉಳಿದಿಲ್ಲವ್ವ. ಅದಕ್ಕೂ ಮೊದ್ಲು ಎರಡು ಬ್ಯಾಸಿಗಿ ಬಿಟ್ಟೀನಿ. ಅದನ್ನೂ ಬರ್ಕೊ."