ಪರದೆಯ ಹಿಂದಿನ ಹೊಲಿಗೆ

ಶಹಾಪುರದ ನಮ್ಮ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವಳು ನಾನು. ಹೆಸರು ಬಂದದ್ದು ನನ್ನ ನೆಗೆಣ್ಣಿಗೆ, ಮೈದುನನ ಹೆಂಡತಿಗೆ. ಗಿರಾಕಿಗಳು ಬಂದರೆ ಅವಳು ಪಡಸಾಲೆಯಲ್ಲಿ ಅಳತೆ ತೆಗೆದು, ನಗಿಸಿ, ಚಹಾ ಕುಡಿಸಿ ಕಳಿಸುತ್ತಿದ್ದಳು. ನಾನು ಪರದೆಯ ಹಿಂದೆ ಮಷಿನ್ ತುಳಿಯುತ್ತಿದ್ದೆ. ಹೊಸಬರ ದನಿ ಕೇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಎದುರಿಗೆ ಹೋದರೆ ತೊದಲುತ್ತೇನೆ, ಮನೆಗೆ ಹೋಗಿ ಆಡಿಕೊಳ್ಳುತ್ತಾರೆ ಎಂಬ ಭಯ. ಓಣಿಯವರು ಅದನ್ನು ಸೊಕ್ಕು ಎಂದುಕೊಂಡಿದ್ದರು.

“ನಿನ್ನ ಕೈಗುಣ ಭಾಳ ಛಂದ ಅದ ನೋಡವಾ” ಎಂದು ಒಬ್ಬಾಕೆ ಅವಳಿಗೆ ಹೇಳಿದ್ದು ಒಳಗೆ ಕೇಳಿಸಿತು.

“ನಂದಲ್ರಿ, ಅಕ್ಕಂದು” ಎಂದಳು ನೆಗೆಣ್ಣಿ. ಅದೂ ನನ್ನನ್ನು ಸುಟ್ಟಿತು. ಹಾಗೆ ಹೇಳುವುದಕ್ಕೂ ಬಾಯಿ ಇದ್ದದ್ದು ಅವಳಿಗೇ.

ಆ ವಾರ ಆ ಗಿರಾಕಿಯ ಮಗಳ ಮದುವೆಯ ಬ್ಲೌಸಿನ ತೋಳನ್ನು ಬೇಕೆಂದೇ ಒಂದಿಂಚು ಬಿಗಿ ಹೊಲಿದೆ. ಬೈಗುಳ ನೆಗೆಣ್ಣಿಗೆ ಬೀಳಲಿ ಎಂದು. ಬಿತ್ತು.

“ತಪ್ಪ ನಂದೇರಿ. ಅಳತಿ ತಪ್ಪ ಬರ್ಕೊಂಡೀನಿ” ಎಂದು ಅವಳು ತಲೆಬಾಗಿ ಕೇಳಿಸಿಕೊಂಡಳು. ಅಳತೆಯ ಪುಸ್ತಕ ನನ್ನ ಮುಂದೆಯೇ ಇತ್ತು. ಅವಳು ಸರಿಯಾಗಿಯೇ ಬರೆದಿದ್ದಳು.

ಗಿರಾಕಿ ಹೋದ ಮೇಲೆ ನೆಗೆಣ್ಣಿಗೆ ಹೇಳಿಬಿಟ್ಟೆ: “ಬೇಕಂತೇ ಮಾಡೀನಿ.”

“ನನ್ನ ಮ್ಯಾಲ ಅಷ್ಟ ಸಿಟ್ಟೇನಕ್ಕ?”

“ಸಿಟ್ಟಲ್ಲ. ನಿನ್ನಂಗ ಮಂದಿ ಮುಂದ ನಿಂದ್ರಾಕ ನನಗ ಆಗವಲ್ದು.”

ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಯಾದಗಿರಿಯ ದವಾಖಾನೆಯಲ್ಲಿ ಇಂಥದ್ದಕ್ಕೆ ಕೌನ್ಸೆಲರ್ ಇದ್ದಾರಂತೆ ಎಂದು ವಿಚಾರಿಸಿಕೊಂಡು ಬಂದು, ನನ್ನನ್ನು ಬಸ್ಸು ಹತ್ತಿಸಿದಳು.

ಅಲ್ಲಿಯೂ ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು. ಕೌನ್ಸೆಲರಮ್ಮ ಅವಳ ಮಾತಿಗೆ ನಕ್ಕಾಗ, ಇವರೂ ಅವಳ ಕಡೆಗೇ ಹೋದರು ಎಂದು ಹೊಟ್ಟೆ ಉರಿಯಿತು. ಆದರೆ ಅವರು, “ನೀವು ಸ್ವಲ್ಪ ಹೊರಗ ಕೂಡ್ರಿ. ಅವರೇ ಹೇಳ್ಲಿ” ಎಂದರು.

ನಾನು ಸೆರಗಿನ ಅಂಚಿನ ಹೊಲಿಗೆ ಎಣಿಸುತ್ತ ಕೂತೆ. ಅವರು ಅವಸರ ಮಾಡಲಿಲ್ಲ. ಕೊನೆಗೆ ಎಲ್ಲ ಹೇಳಿದೆ, ತೋಳಿನ ವಿಷಯವನ್ನೂ.

“ಇದು ಸೊಕ್ಕಲ್ರಿ, ಮಂದಿ ಮುಂದ ಬರೋ ಅಂಜಿಕಿ. ಭಾಳ ಜನಕ್ಕ ಇರ್ತದ, ಕಡಿಮಿನೂ ಆಗ್ತದ. ಆಕಿ ಮಾಡೋದ್ರಾಗ ನಿಮಗ ಬೇಕಾದ್ದು ಯಾವ್ದು?”

“ಅಳತಿ ತಗೊಳ್ಳೋದು” ಎಂದೆ.

ಅದೇ ನನ್ನ ಅಭ್ಯಾಸವಾಯಿತು. ಮೊದಲು ಸುರಪುರದ ತವರಿನಲ್ಲಿ ಚಿಕ್ಕಮ್ಮನ ಅಳತೆ, ಆಮೇಲೆ ಪಕ್ಕದ ಮನೆಯಾಕೆಯದು. ಯಾದಗಿರಿಗೆ ಹೋದಾಗಲೆಲ್ಲ, ಅಳತೆಗೆ ಮುಂಚೆ ಏನಾದೀತೆಂದು ಹೆದರಿದ್ದೆ, ನಿಜಕ್ಕೂ ಏನಾಯಿತು ಎಂಬುದನ್ನು ಕೌನ್ಸೆಲರಮ್ಮನಿಗೆ ಹೇಳಬೇಕಿತ್ತು. ಕೆಲವು ತಿಂಗಳ ನಂತರ, ಶಿರವಾಳದಿಂದ ಬಂದ ಅಪರಿಚಿತ ಹೆಂಗಸಿನ ಮುಂದೆ ಪರದೆ ಸರಿಸಿ ಬಂದೆ. ಟೇಪು ಕೈಯಿಂದ ಜಾರಿ ಬಿತ್ತು. ಆಕೆ ಎತ್ತಿಕೊಟ್ಟು, “ತೋಳ ಸ್ವಲ್ಪ ಉದ್ದ ಇರ್ಲಿರಿ” ಎಂದಳು. ಅಷ್ಟೇ.

ಈಗಲೂ ಕೆಲವು ದಿನ ಹೊರಗೆ ಬರಲಾಗುವುದಿಲ್ಲ. ನೆಗೆಣ್ಣಿಯ ನಗು ಈಗಲೂ ಚುಚ್ಚುತ್ತದೆ. ನಾನು ಪಡಸಾಲೆಯಲ್ಲಿರುವ ದಿನ ಅವಳು ಮಷಿನ್ ಮುಂದೆ ಕೂರುತ್ತಾಳೆ. ಅವಳ ಹೊಲಿಗೆ ಸೊಟ್ಟ. ಅದನ್ನು ಬಿಚ್ಚುವಾಗ ನನಗಾಗುವ ಖುಷಿಯನ್ನು ಕೌನ್ಸೆಲರಮ್ಮನಿಗೆ ಇನ್ನೂ ಹೇಳಿಲ್ಲ.