ಸೀಮೆಯ ಒಡತಿಯ ಸ್ನಾನ

ಬೆಳಿಗ್ಗೆ ನಮ್ಮವರ ಕೋಟಿಗೆ ಗುಂಡಿ ಹುಡುಕುತ್ತ ಹೊಲಿಗೆ ಡಬ್ಬಿಯನ್ನು ಬೋರಲು ಹಾಕಿದಾಗ ಹಳದಿ ಸ್ಯಾಟಿನ್ ಚೂರೊಂದು ಕೈಗೆ ಬಂತು. ಮೂಸಿದೆ. ಮಲ್ಲಿಗೆಯ ಘಮ ಹೋಗಿ ಎಷ್ಟು ಕಾಲವಾಯಿತೋ, ಈಗ ಬರೀ ಮಷೀನ್ ಎಣ್ಣೆಯ ವಾಸನೆ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಬಟ್ಟೆ ಚೂರಿನ ಮೇಲೇನು ಸಿಟ್ಟು ಎಂದು ನೀವು ನಗಬಹುದು. ಕೂತುಕೊಳ್ಳಿ, ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಇಲ್ಲಿ, ಈ ಪರದೇಶದಲ್ಲಿ, ಸ್ಟರ್ಲಿಂಗ್‌ನ ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂದುಗಡೆ ಕೂತು ಪ್ಯಾಂಟುಗಳ ಅಂಚು ಮಡಿಸಿ ಹೊಲಿಯುತ್ತಿದ್ದೆ. ಪಕ್ಕದ ಮಷೀನು ವಿಯೆಟ್ನಾಮಿನ ಲಾನ್‌ಳದು. ಇಬ್ಬರದೂ ಹರುಕು ಇಂಗ್ಲಿಷ್, ಹಾಗಾಗಿಯೇ ಒಬ್ಬರದೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವಳ ಡಬ್ಬಿಯಲ್ಲಿ ಹಂದಿಮಾಂಸ, ನನ್ನದರಲ್ಲಿ ಚಿತ್ರಾನ್ನ. ನನ್ನ ಮಡಿಯೂ ಅಷ್ಟರಲ್ಲೇ ಇತ್ತೆನ್ನಿ: ಮುಖ ಆಚೆ ತಿರುಗಿಸಿಕೊಂಡು, ಅವಳ ಮೂಲಂಗಿ ಉಪ್ಪಿನಕಾಯಿಗೆ ಮಾತ್ರ ಕೈ ಚಾಚುತ್ತಿದ್ದೆ.

ಅವರ ಕಡೆ ಬೆಟ್ಟದ ಬುಡದಲ್ಲಿ ಒಬ್ಬಳು ದೇವಿಯಿದ್ದಾಳೆ, ಸೀಮೆಯ ಒಡತಿ. ವರ್ಷಕ್ಕೊಮ್ಮೆ ಹೆಂಗಸರು ಪರದೆ ಕಟ್ಟಿ, ಮಲ್ಲಿಗೆ ನೀರಿನಲ್ಲಿ ಆಕೆಗೆ ಸ್ನಾನ ಮಾಡಿಸಿ ಹೊಸ ಉಡುಪು ತೊಡಿಸುತ್ತಾರೆ. ಹಳೆಯದನ್ನು ಚೂರು ಮಾಡಿ ಪ್ರಸಾದದಂತೆ ಹಂಚುತ್ತಾರೆ. ಗಂಡಸರ ಕಣ್ಣು ಆ ಹೊತ್ತಿನಲ್ಲಿ ಒಳಗೆ ಬೀಳಕೂಡದು. ದೇಶ ಬಿಟ್ಟು ದೋಣಿ ಹತ್ತಿದಾಗ ಲಾನ್‌ಳ ತಾಯಿ, ದಡ ಸೇರಿಸಿದರೆ ನಿನ್ನನ್ನು ನನ್ನ ಕೈಯಾರೆ ಮೀಯಿಸುತ್ತೇನೆ ಎಂದು ಹರಕೆ ಹೊತ್ತಿದ್ದರಂತೆ. ನಮ್ಮ ಪಕ್ಕದೂರು ಶ್ಯಾಂಟಿಲಿಯ ಹಳೇ ಮನೆಯೊಂದು ಗುಡಿಯಾಗುವವರೆಗೆ ಆ ಹರಕೆ ಹಾಗೇ ಉಳಿದಿತ್ತು. ಮೂರ್ತಿಯನ್ನು ಲಾನ್‌ಳ ತಮ್ಮ ತನ್ನ ಗ್ಯಾರೇಜಿನಲ್ಲಿ ಸಿಮೆಂಟಿನಿಂದ ಮಾಡಿದ್ದ. ಮೊದಲ ಸ್ನಾನಕ್ಕೆ ಕೆಂಪು ಉಡುಪನ್ನು ನಾನೂ ಲಾನೂ ಊಟದ ಬಿಡುವಿನಲ್ಲಿ ಹೊಲಿದೆವು. ಅದರ ಅಂಚಿಗೆ ನನ್ನ ಮೈಸೂರು ಸಿಲ್ಕಿನ ಜರಿ.

ಈ ಸಂಭ್ರಮವನ್ನು, ನಮ್ಮ ಕನ್ನಡದವರು ಮನೆಯಿಂದ ಒಂದೊಂದು ಅಡಿಗೆ ತಂದು ಸೇರುವ ಪಾಟ್‌ಲಕ್ ಒಂದರಲ್ಲಿ ಹೇಳಿಕೊಂಡೆ. ಗೈದರ್ಸ್‌ಬರ್ಗ್‌ನ ನಾಗರಾಜ್ ಅಂಕಲ್ ತಟ್ಟೆ ಕೆಳಗಿಟ್ಟರು.

“ಅಯ್ಯೋ, ಅದು ಮೂಲದಲ್ಲಿ ನಮ್ ವಿಷ್ಣು ಕಣಮ್ಮ! ಬುಕ್ಕಲ್ಲಿ ಓದಿದೀನಿ. ಬಣ್ಣ ಬಳಿದು ಹೆಣ್ಣು ಮಾಡ್ಕೊಂಡಿದಾರೆ ಅಷ್ಟೆ. ನಾನೂ ಬರ್ತೀನಿ, ವಿಡಿಯೊ ಮಾಡ್ಬೇಕು.”

“ಮೂಲದ್ದು ಅಲ್ಲೇ ಇದೆ ಅಂಕಲ್. ಇದು ಸಿಮೆಂಟಿಂದು, ಗ್ಯಾರೇಜಲ್ಲಿ ಮಾಡಿದ್ದು.”

“ಕಾಪಿ ಆದ್ರೇನು, ಲಕ್ಷಣ ಇರುತ್ತಲ್ಲ!”

ಹಬ್ಬದ ದಿನ ಕೆರೊಲಿನಾಗಳಿಂದ, ಅಟ್ಲಾಂಟಾದಿಂದೆಲ್ಲ ಜನ ಡ್ರೈವ್ ಮಾಡಿಕೊಂಡು ಬಂದಿದ್ದರು. ಸುಟ್ಟ ಹಂದಿಯ ನೈವೇದ್ಯದ ಮುಂದೆ ಅಂಕಲ್ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದರು, ಇನ್ನೊಂದು ಕೈಯಲ್ಲಿ ಕ್ಯಾಮ್‌ಕಾರ್ಡರ್. ಡೋಲು ನಿಂತಿತು. ಲಾನ್ ಮತ್ತು ಅವಳ ತಾಯಿ ಪರದೆಯೊಳಗೆ ಹೋದರು. ನಾನು ಉಡುಪಿನ ತಟ್ಟೆ ಹಿಡಿದು ಹೊರಗೆ ನಿಂತೆ. ಒಳಗೆ ಒದ್ದೆ ಬಟ್ಟೆ ಹಿಂಡುವ ಸದ್ದು, ಮುದುಕಿಯ ಮೆಲುದನಿಯ ಮಾತು. ಮಗುವಿಗೆ ಎರೆಯುವಾಗ ಆಡುತ್ತೇವಲ್ಲ, ಅಂಥದ್ದು.

“ಸ್ವಲ್ಪ ಸರಿಯಮ್ಮ, ಎದೆ ಭಾಗ ನೋಡಿದ್ರೆ ಗೊತ್ತಾಗ್ಬಿಡುತ್ತೆ” ಎಂದವರೇ ಅಂಕಲ್ ಪರದೆ ಎತ್ತಿ ಕ್ಯಾಮರಾ ತೂರಿಸಿದರು.

ಮುದುಕಿ ಒದ್ದೆ ಮೂರ್ತಿಯನ್ನು ತಬ್ಬಿಕೊಂಡು, ತನ್ನ ಬೆನ್ನನ್ನು ಕ್ಯಾಮರಾಕ್ಕೆ ಕೊಟ್ಟು ನಿಂತುಬಿಟ್ಟರು.

ನಾನು ಅಂಕಲ್ ತೋಳು ಹಿಡಿದು ಎಳೆದೆ. “ನಿಮ್ಮನೆ ಹೆಣ್ಮಕ್ಳು ಸ್ನಾನ ಮಾಡೋವಾಗ್ಲೂ ಹಿಂಗೇ ನುಗ್ತೀರಾ?”

“ಏನಮ್ಮಾ ಹಿಂಗ್ ಮಾತಾಡ್ತೀಯ! ನಮ್ ದೇವ್ರೇ ತಾನೇ?”

“ಕ್ಯಾಸೆಟ್ ಕೊಡಿ.”

“ಅದ್ರಲ್ಲಿ ಮಗಳ ಬರ್ತ್‌ಡೇ ಇದೆ!”

“ಏ, ಬಿಡೇ, ದೊಡ್ಡೋರು” ಎಂದು ಜೊತೆಗೆ ಬಂದಿದ್ದ ನಮ್ಮವರು ನನ್ನನ್ನೇ ಗದರಿದರು. ಆ ಸಂದಿನಲ್ಲಿ ದೊಡ್ಡವರು ಕ್ಯಾಸೆಟ್ಟಿನ ಸಮೇತ ಕಾರು ಹತ್ತಿದರು.

ನೀರು ಚೆಲ್ಲಿ ಹೊಸ ನೀರು ತಂದರು, ಗಂಡಸರನ್ನೆಲ್ಲ ಅಂಗಳಕ್ಕೆ ಕಳಿಸಿದರು. ಆದರೆ ಮುದುಕಿ ಮತ್ತೆ ಬಟ್ಟೆ ಅದ್ದಲಿಲ್ಲ. ಲಾನ್ ಅಳುತ್ತಲೇ ನನಗೆ ತಿಳಿಸಿ ಹೇಳಿದಳು: “ದೇವಿಯ ಮಾನ ಕಾಯದ ಕೈಯಲ್ಲಿ ಅವಳನ್ನು ಮುಟ್ಟಲ್ಲ ಅಂತಿದ್ದಾರೆ ಅಮ್ಮ.” ಉಳಿದ ಸ್ನಾನ ಲಾನ್ ಮಾಡಿಸಿದಳು. ಕೆಂಪು ಉಡುಪು ಚೆನ್ನಾಗಿ ಕೂತಿತು, ಜರಿ ಮಿಂಚಿತು, ಯಾರೂ ಅದರ ಮಾತೆತ್ತಲಿಲ್ಲ. ಮೂರ್ತಿ ಅಲ್ಲಿಯವರೆಗೆ ತೊಟ್ಟಿದ್ದ ಹಳದಿಯದನ್ನು ಕತ್ತರಿಸಿ ಹಂಚಿದರು, ನನ್ನ ಪಾಲಿಗೂ ಒಂದು ಚೂರು. ಮರುವರ್ಷ, ಅದರ ಮರುವರ್ಷ ಎಲ್ಲರೂ ಕರೆದರೂ ಮುದುಕಿ ಪರದೆಯ ಹೊರಗೇ ಕೂತರು. ಸಾಯುವವರೆಗೂ ಹಾಗೆಯೇ.

ನಾಗರಾಜ್ ಅಂಕಲ್ ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಶ್ಯಾಂಟಿಲಿಯಲ್ಲಿ ವಿಷ್ಣುವನ್ನು ಕಂಡ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಅದರಲ್ಲಿ ಮುದುಕಿ ಇಲ್ಲ. ಜನ ಆಹಾ ಎನ್ನುತ್ತಾರೆ, ನಮ್ಮವರು ನನ್ನ ಕಡೆ ನೋಡುತ್ತಾರೆ, ನಾನು ಎದ್ದು ಹೋಗಿ ಪಾತ್ರೆ ಉಜ್ಜುತ್ತೇನೆ. ಇಷ್ಟು ವರ್ಷವೂ ಉಜ್ಜಿದ್ದೇನೆ.

ಈ ಶನಿವಾರ ಪಾಟ್‌ಲಕ್ ನಮ್ಮ ಮನೆಯಲ್ಲೇ. ಲಾನ್‌ಳಿಗೆ ಈಗಷ್ಟೇ ಫೋನ್ ಮಾಡಿ ಬಾ ಎಂದೆ. ಅಂಕಲ್ ಕಥೆ ಶುರು ಮಾಡಲಿ. ಅವರ ಎದುರಿನ ಕುರ್ಚಿ ಅವಳಿಗೆ, ಅವಳ ಪಕ್ಕದ್ದು ನನಗೆ.