ಬಣ್ಣ ಹಿಡಿಯದ ಸ್ಲೈಡು

ಬಾಯಮ್ಮನ ಬಲಗೈಯ ಮೂರು ಬೆರಳುಗಳ ಉಗುರಿನ ಸಂದಿಯಲ್ಲಿ ಸದಾ ನೀಲಿ ಇರುತ್ತಿತ್ತು. ಸಾಬೂನಿಗೂ ನಿಂಬೆಹುಳಿಗೂ ಹೋಗದ ನೀಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಾಜಿನ ಸ್ಲೈಡುಗಳನ್ನು ಬಣ್ಣದಲ್ಲಿ ಅದ್ದಿ ತೆಗೆದು ಬಂದದ್ದು. ರೋಗಿಯ ಮೈಯಿಂದ ತೆಗೆದು ಮೇಣದಲ್ಲಿ ಹುದುಗಿಸಿದ ಗಡ್ಡೆಯ ಚೂರಿನಿಂದ ಕೂದಲಿಗಿಂತ ತೆಳುವಾದ ಪದರವನ್ನು ಕೊಯ್ದು, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಆ ಬೆರಳುಗಳು ಅದನ್ನು ಗಾಜಿಗೆ ಎತ್ತಿಕೊಳ್ಳುವಾಗ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅವರು ಮಾತ್ರ ಕೆಲಸದ ನಡುವೆಯೇ, "ಊಟಕ್ಕೆ ಎಂತ ತಂದಿದ್ದೀರಿ ಡಾಕ್ಟ್ರೇ?" ಎಂದು ವಿಚಾರಿಸುತ್ತಿದ್ದರು.

ಉಡುಪಿಯ ಆ ಆಸ್ಪತ್ರೆಯ ಮೇಲಿನ ಮಹಡಿಯ ಲ್ಯಾಬಿಗೆ ನಾನು ಓದು ಮುಗಿಸಿ ಹೊಸದಾಗಿ ಸೇರಿದ್ದೆ. ಅವರು ಅಲ್ಲಿನ ಹಿರಿಯ ಟೆಕ್ನೀಷಿಯನ್. ಶಂಕರಪುರದ ಕೊಂಕಣಿ ಕ್ರೈಸ್ತರು, ನಮಗೆಲ್ಲ ಬಾಯಮ್ಮ. ಬೆಳಿಗ್ಗೆ ಮನೆಯ ಮಲ್ಲಿಗೆ ಕೊಯ್ದು, ಕಟ್ಟಿ ವ್ಯಾಪಾರಿಗೆ ಕೊಟ್ಟೇ ಬಸ್ಸು ಹತ್ತುತ್ತಿದ್ದರು. ಆದರೂ ನಾನು ಕಾರ್ಕಳದಿಂದ ಬಂದಿಳಿಯುವಾಗ ಅವರ ಮೇಜಿನ ಕೆಲಸ ಅರ್ಧ ಮುಗಿದಿರುತ್ತಿತ್ತು.

ಸ್ತನದ ಗಡ್ಡೆಯ ಕೋಶಗಳಲ್ಲಿ ಕೆಲವು ಪ್ರೋಟೀನುಗಳು ಇವೆಯೋ ಇಲ್ಲವೋ ಎಂದು ನಾವು ಪರೀಕ್ಷಿಸುತ್ತಿದ್ದೆವು. ಇದ್ದರೆ ಕೋಶಗಳು ಕಂದು ಬಣ್ಣ ಹಿಡಿಯುತ್ತವೆ, ಇಲ್ಲದಿದ್ದರೆ ಬರೀ ನೀಲಿ. ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು ಕಂಡರೆ, ಆಪರೇಷನ್ ಆದ ಮೇಲೆ ದಿನಕ್ಕೊಂದು ಮಾತ್ರೆ ನುಂಗುತ್ತ ಎಷ್ಟೋ ವರ್ಷ ಬಾಳುವ ಭರವಸೆ ಉಂಟು. ಕಾಣದಿದ್ದರೆ ಆ ಮಾತ್ರೆ ಕೆಲಸಕ್ಕೆ ಬಾರದು. ಮುಂದಿನ ದಾರಿ ಕಷ್ಟದ್ದು.

ಸೇರಿದ ಮೊದಲ ವರ್ಷವೇ ಒಂದು ಶನಿವಾರ ಮಧ್ಯಾಹ್ನ, ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಮಣಿಪಾಲಕ್ಕೆ ಬಂದಿದ್ದ ಹೆಂಗಸೊಬ್ಬಳ ಸ್ಲೈಡು ನನ್ನ ಮುಂದಿತ್ತು. ಗಡ್ಡೆಯಲ್ಲಿ ಕಂದು ಬಣ್ಣವೇ ಇಲ್ಲ. ಅವಳ ಗಂಡ ಹೊರಗೆ ಕಾಯುತ್ತಿದ್ದ, ಆಗಲೇ ಎರಡು ಸಲ ಬಾಗಿಲಿಗೆ ಬಂದು, "ಆತೇನ್ರೀ ರಿಪೋರ್ಟು?" ಎಂದು ಕೇಳಿ ಹೋಗಿದ್ದ. ನಾನು 'ಇಲ್ಲ' ಎಂದು ಬರೆದು ಸಹಿಗೆ ಪೆನ್ನು ಎತ್ತಿದೆ. ಬಾಯಮ್ಮ ಬಂದು ಪಕ್ಕದಲ್ಲಿ ನಿಂತರು.

"ಡಾಕ್ಟ್ರೇ, ಅದು ಇನ್ನೊಮ್ಮೆ ಹಾಕುವ."

ನನಗೆ ರೇಗಿತು. "ಬಣ್ಣ ಹಾಕುವುದು ನಿಮ್ಮ ಕೆಲಸ, ಓದುವುದು ನನ್ನದು" ಎಂದುಬಿಟ್ಟೆ.

ಅವರ ಮುಖ ಕೆಂಪಾಯಿತು. ಆದರೆ ಹೋಗಲಿಲ್ಲ. "ಓದಿ. ಗಡ್ಡೆಯನ್ನು ಮಾತ್ರ ಯಾಕೆ ಓದುತ್ತೀರಿ? ಪಕ್ಕದಲ್ಲಿ ರೋಗ ಇಲ್ಲದ ಹಾಲಿನ ನಾಳ ಉಂಟು, ನೋಡಿ. ಅದಾದರೂ ಸ್ವಲ್ಪ ಕಂದು ಆಗಬೇಕಿತ್ತಲ್ವಾ?"

ನೋಡಿದೆ. ಆ ನಾಳವೂ ಬರೀ ನೀಲಿಯಾಗಿಯೇ ಇತ್ತು. ರೋಗವಿಲ್ಲದ ನಾಳದಲ್ಲಿ ಇರಲೇಬೇಕಾದ ಪ್ರೋಟೀನೇ ಕಾಣಿಸುತ್ತಿಲ್ಲವೆಂದರೆ ಪರೀಕ್ಷೆಯೇ ಸೋತಿದೆ. ಆಪರೇಷನ್ ಆದಾಗ ದೊಡ್ಡ ಗಡ್ಡೆಯನ್ನು ಸಣ್ಣ ಬಾಟಲಿಗೆ ತುರುಕಿದ್ದರು; ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ಒಳಗಿನವರೆಗೆ ಇಳಿಯದೆ ಪ್ರೋಟೀನು ಹಾಳಾಗಿತ್ತು. ಬಾಯಮ್ಮ ಕಪಾಟು ಹುಡುಕಿ, ಆಪರೇಷನ್‌ಗೆ ಮೊದಲು ಸೂಜಿಯಿಂದ ತೆಗೆದಿದ್ದ ಅವಳದೇ ಚೂರನ್ನು ಹೊರತೆಗೆದರು. ಗಂಡನಿಗೆ ಸೋಮವಾರ ಬರಲು ಹೇಳಿ, ತಾವು ಆ ಸಂಜೆ ಮನೆಗೆ ಹೋಗದೆ ಕುಳಿತು ಬಣ್ಣ ಹಾಕಿದರು. ಮೈಕ್ರೋಸ್ಕೋಪಿನಡಿ ನೋಡಿದರೆ ಗಡ್ಡೆಯ ಕೋಶಗಳೆಲ್ಲ ಕಂದು.

'ಇಲ್ಲ' ಎಂದು ಬರೆದಿದ್ದ ಕಾಗದ ಹರಿದೆ. ಕ್ಷಮೆ ಕೇಳಿದೆ. "ಬಿಡಿ ಮಾರಾಯ್ರೆ, ಕೊನೆಯ ಬಸ್ಸು ತಪ್ಪುತ್ತದೆ" ಎಂದು ಚೀಲ ಎತ್ತಿಕೊಂಡು ನಡೆದರು. ಆ ಹೆಂಗಸಿಗೆ ಮಾತ್ರೆ ಶುರುವಾಯಿತು. ಎಷ್ಟೋ ವರ್ಷ ತಪಾಸಣೆಗೆ ಬರುತ್ತಿದ್ದಳು ಎಂದು ಅವಳ ಡಾಕ್ಟರಿಂದ ತಿಳಿಯುತ್ತಿತ್ತು.

ಆರು ವರ್ಷಗಳ ನಂತರ ಬಾಯಮ್ಮನಿಗೇ ಗಡ್ಡೆ ಕಾಣಿಸಿತು. ಆಪರೇಷನ್ ಆಗಿ ಅವರ ಚೂರು ನಮ್ಮ ಲ್ಯಾಬಿಗೇ ಬಂತು. ನಾವು ಅಡಗಿಸಿಡಲು ನೋಡಿದೆವು. ಹೊಲಿಗೆ ಬಿಚ್ಚಿಸಿಕೊಂಡ ಮರುದಿನವೇ ಬಂದು ಕೇಳಿ ಪಡೆದರು. "ನನ್ನದು ನಾನೇ ಹಾಕುತ್ತೇನೆ. ಉಳಿದವರ ಕೈ ನಡುಗಬಹುದು."

ಅವರೇ ಮೊದಲು ನೋಡಿದರು. ಬಹಳ ಹೊತ್ತು ನೋಡಿ ಕುರ್ಚಿ ಬಿಟ್ಟುಕೊಟ್ಟರು. ಪಕ್ಕದ ನಾಳ ಚೆನ್ನಾಗಿ ಕಂದಾಗಿತ್ತು. ಗಡ್ಡೆಯಲ್ಲಿ ಮಾತ್ರ, ಮದ್ದು ನಾಟಲು ಬೇಕಾದ ಮೂರು ಪ್ರೋಟೀನುಗಳಲ್ಲಿ ಒಂದೂ ಇರಲಿಲ್ಲ. ಕೋಶಗಳು ವೇಗವಾಗಿ ಒಡೆದು ಹೆಚ್ಚುತ್ತಿವೆ ಎಂದು ತೋರಿಸುವ ಇನ್ನೊಂದು ಪ್ರೋಟೀನು ಎಲ್ಲೆಲ್ಲೂ ಇತ್ತು.

"ಇನ್ನೊಮ್ಮೆ ಹಾಕುವ ಬಾಯಮ್ಮ" ಎಂದೆ.

"ಎಂತಕ್ಕೆ? ಪರೀಕ್ಷೆ ಸರಿ ಉಂಟು. ಸೈನ್ ಮಾಡಿ, ಕೀಮೋ ತಡವಾಗ್ತದೆ." ಸಹಿ ಹಾಕಿದೆ. ಇಂಥ ಗಡ್ಡೆಯವರು ಸಾಮಾನ್ಯವಾಗಿ ಎಷ್ಟು ಕಾಲ ಇರುತ್ತಾರೆಂದು ನನ್ನಷ್ಟೇ ಅವರಿಗೂ ಗೊತ್ತಿತ್ತು. ಕಾಗದ ಮಡಚುತ್ತ, "ನೂರು ಜನರಲ್ಲಿ ಇಷ್ಟು ಮಂದಿ ಎಂದು ನೀವು ಹೇಳುತ್ತೀರಿ. ಆ ನೂರರಲ್ಲಿ ನಾನು ಯಾರು ಅಂತ ಸ್ಲೈಡಿನಲ್ಲಿ ಇಲ್ಲವಲ್ಲ" ಎಂದರು.

ಕೀಮೋ ಮುಗಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಮರಳಿದರು. ಮೂರು ವರ್ಷ ದುಡಿದರು. ಇಬ್ಬರು ಹುಡುಗಿಯರಿಗೆ ಕೆಲಸ ಕಲಿಸಿದರು. ಒಂದು ದಿನ ಊಟದ ಹೊತ್ತಿಗೆ ಹೇಳಿದರು: "ಕೀಮೋಗೆ ಕೂತಾಗ ಅಲ್ಲಿದ್ದವರೆಲ್ಲ ನನ್ನ ಹತ್ತಿರವೇ ರಿಪೋರ್ಟ್ ತಂದು, ಇದರಲ್ಲಿ ಎಂತ ಬರೆದುಂಟು ಅಂತ ಕೇಳ್ತಿದ್ರು. ಬರೆದವರು ನೀವು. ವಾರಕ್ಕೊಂದು ಗಂಟೆ ಕೆಳಗೆ ರೋಗಿಗಳ ಹತ್ತಿರ ಬಂದು ಕೂತುಕೊಳ್ಳಿ."

ನನಗೆ ಭಯವಿತ್ತು. ಗಾಜಿನ ಮೇಲಿನ ಕೋಶಗಳೊಂದಿಗೆ ಬದುಕಿದವರಿಗೆ ಮನುಷ್ಯರ ಮುಖ ನೋಡಿ ಹೇಳುವುದು ಸುಲಭವಲ್ಲ. ಮೊದಲ ಕೆಲವು ವಾರ ಅವರೂ ಪಕ್ಕದಲ್ಲಿ ಕುಳಿತರು. ನನ್ನ ಮಾತು ಉದ್ದವಾದಾಗ ಮೇಜಿನಡಿ ನನ್ನ ಕಾಲಿಗೆ ತಟ್ಟುತ್ತಿದ್ದರು.

ಆಮೇಲೆ ರೋಗ ಶ್ವಾಸಕೋಶಕ್ಕೆ ಹಬ್ಬಿತು. ಒಂದು ಶುಕ್ರವಾರ ಊರಿನ ಇಗರ್ಜಿಯಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು. ಮರುದಿನ ನಾನು ರೋಗಿಗಳೊಂದಿಗೆ ಕೂರುವ ದಿನ, ರಜೆ ಹಾಕುವುದೆಂದಿದ್ದೆ. ಆದರೂ ಹೋಗಿ ಕೆಳಗೆ ಕುಳಿತೆ. ಕಾಪುವಿನಿಂದ ಬಂದ ಹೆಂಗಸೊಬ್ಬರು ಮಗಳ ಕೈ ಹಿಡಿದು ನಿಂತಿದ್ದರು. ಕೈಯಲ್ಲಿದ್ದ ರಿಪೋರ್ಟಿನ ಲಕೋಟೆ ಇನ್ನೂ ಒಡೆದಿರಲಿಲ್ಲ.

"ಕೂತುಕೊಳ್ಳಿ ಅಮ್ಮ," ಎಂದೆ. "ನಿಧಾನಕ್ಕೆ ಓದುವ."